ಹಳೆಯ ಹಸ್ತಪ್ರತಿ, ಅಂಚಿನಲ್ಲಿ ಬರಹವಿರುವ ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪರೂಪದ ಪುಸ್ತಕಗಳ ವಿಭಾಗ ಅಂದರೆ ಬೀಗ, ಗಾಜಿನ ಪೆಟ್ಟಿಗೆ, ಕಟ್ಟುನಿಟ್ಟು ಅಂತ ಹೆದರಿ ಅನೇಕರು ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ. ಹಾಗೆ ಆಗಬಾರದು. ಈ ಸಂಗ್ರಹಗಳು ಇರುವುದೇ ಓದುವವರಿಗಾಗಿ. ಮೊದಲ ಸಲ ಬರುವವರು, ಮನೆಯ ಅಟ್ಟದಲ್ಲಿ ಹಳೆಯ ಕಟ್ಟು ಸಿಕ್ಕವರು, ಸಂಶೋಧನೆ ಶುರು ಮಾಡುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಹಳೆಯದಾಗಿದ್ದರೆ ಸಾಕಾ? ಅದು ಅಪರೂಪವೇ?

ಇಲ್ಲ. ಇನ್ನೂರು ವರ್ಷ ಹಳೆಯ ಪುಸ್ತಕದ ಸಾವಿರಾರು ಪ್ರತಿಗಳು ಉಳಿದಿರಬಹುದು. ಐವತ್ತು ವರ್ಷದ ಹಿಂದಿನ ಕರಪತ್ರದ ಒಂದೇ ಒಂದು ಪ್ರತಿ ಉಳಿದಿರಬಹುದು. ಎಷ್ಟು ಉಳಿದಿವೆ, ಅದರಲ್ಲಿ ಏನಿದೆ, ಯಾರ ಕೈಯಿಂದ ಬಂದಿದೆ ಅನ್ನುವುದು ವಯಸ್ಸಿಗಿಂತ ಮುಖ್ಯ.

ಕೈಯಲ್ಲಿ ಬರೆದದ್ದೆಲ್ಲ ಹಸ್ತಪ್ರತಿಯೇ. ಓಲೆಗರಿ, ಭೂರ್ಜಪತ್ರ (ಭೂರ್ಜ ಮರದ ತೊಗಟೆ), ಚರ್ಮದ ಹಾಳೆ, ಕಡತ (ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ), ಕಾಗದ, ಯಾವುದರ ಮೇಲೆ ಬರೆದಿದ್ದರೂ ಸರಿ. ಒಂದೇ ಕೃತಿಯ ಎರಡು ಹಸ್ತಪ್ರತಿಗಳು ಎಂದೂ ಪೂರ್ತಿ ಒಂದೇ ಥರ ಇರುವುದಿಲ್ಲ. ಹಾಗಾಗಿ ಪ್ರತಿಯೊಂದು ಹಸ್ತಪ್ರತಿಯೂ ತನ್ನ ಮಟ್ಟಿಗೆ ಒಂಟಿ. ಅಚ್ಚಾದ ಪುಸ್ತಕದ ಮೇಲೆ ಓದುಗ ಪೆನ್ನು ಇಟ್ಟ ಕ್ಷಣದಿಂದ ಆ ಪ್ರತಿಯೂ ಒಂಟಿಯಾಗುತ್ತದೆ.

ಯಾರೋ ಗೀಚಿದ ಪುಸ್ತಕಕ್ಕೆ ಇಷ್ಟೊಂದು ಮರ್ಯಾದೆ ಯಾಕೆ? ಚೊಕ್ಕ ಪ್ರತಿಯೇ ಒಳ್ಳೆಯದಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಚೊಕ್ಕ ಪ್ರತಿ ಲೇಖಕ ಏನು ಹೇಳಿದ ಅಂತ ತಿಳಿಸುತ್ತದೆ. ಗೀಚಿದ ಪ್ರತಿ ಅದರ ಜೊತೆಗೆ, ಓದಿದವನು ಏನು ಅರ್ಥಮಾಡಿಕೊಂಡ, ಎಲ್ಲಿ ಒಪ್ಪಲಿಲ್ಲ, ಎಲ್ಲಿ ಬೇಸರವಾಗಿ ಬಿಟ್ಟುಬಿಟ್ಟ ಅನ್ನುವುದನ್ನೂ ಹೇಳುತ್ತದೆ. ಪುಸ್ತಕ ಬರೆದವರ ಚರಿತ್ರೆ ನಮಗೆ ಹೇಗೋ ಸಿಗುತ್ತದೆ. ಓದಿದವರ ಚರಿತ್ರೆ ಸಿಗುವುದು ಹೆಚ್ಚಾಗಿ ಈ ಅಂಚುಗಳಲ್ಲಿ.

ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನ ಕಥೆ ನೋಡಿ. ಪ್ರಾಚೀನ ಗ್ರೀಕ್ ಗಣಿತಜ್ಞ ಡಯೋಫಾಂಟಸ್‌ನ ಅಂಕಗಣಿತದ ಗ್ರಂಥ 1621ರಲ್ಲಿ ಅಚ್ಚಾಗಿತ್ತು. ಅದರ ಒಂದು ಪ್ರತಿ ಫರ್ಮಾನ ಹತ್ತಿರ ಇತ್ತು. ಅದರ ಅಂಚಿನಲ್ಲಿ ಅವನು ಒಂದು ಪ್ರಮೇಯ ಬರೆದು, ಇದಕ್ಕೆ ಸೊಗಸಾದ ಸಾಧನೆ (ಪುರಾವೆ) ಸಿಕ್ಕಿದೆ, ಆದರೆ ಬರೆಯಲು ಈ ಅಂಚು ಸಾಲದು ಎಂದು ಸೇರಿಸಿದ. ಅವನು 1665ರಲ್ಲಿ ತೀರಿಕೊಂಡ. ಮಗ ಸ್ಯಾಮ್ಯುಯೆಲ್ 1670ರಲ್ಲಿ ಆ ಗ್ರಂಥವನ್ನು ಅಪ್ಪನ ಟಿಪ್ಪಣಿಗಳ ಸಮೇತ ಮತ್ತೆ ಅಚ್ಚು ಹಾಕಿಸಿದ. ಆ ಎರಡು ಸಾಲಿನ ಹಿಂದೆ ಗಣಿತಲೋಕ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು. ಕೊನೆಗೆ ಗಣಿತಜ್ಞ ಆಂಡ್ರ್ಯೂ ವೈಲ್ಸ್ ಆ ಪ್ರಮೇಯಕ್ಕೆ ಕೊಟ್ಟ ಸಾಧನೆ ಪ್ರಕಟವಾದದ್ದು 1995ರಲ್ಲಿ. ಫರ್ಮಾ ಬರೆದಿದ್ದ ಮೂಲ ಪ್ರತಿ ಮಾತ್ರ ಕಳೆದುಹೋಗಿದೆ. ಮಗ ಅಚ್ಚು ಹಾಕಿಸದೆ ಇದ್ದಿದ್ದರೆ ಆ ಪ್ರಶ್ನೆಯೂ ಪುಸ್ತಕದ ಜೊತೆಗೇ ಹೋಗುತ್ತಿತ್ತು.

ಇನ್ನೊಂದು ಉದಾಹರಣೆ ಕೊಪರ್ನಿಕಸ್‌ನದು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದ ಅವನ ಗ್ರಂಥ ಮೊದಲು ಅಚ್ಚಾದದ್ದು 1543ರಲ್ಲಿ, ಮತ್ತೆ 1566ರಲ್ಲಿ. ಓವೆನ್ ಜಿಂಜರಿಚ್ ಎಂಬ ಖಗೋಳ ಇತಿಹಾಸಕಾರರು ಈ ಎರಡು ಮುದ್ರಣಗಳ ಸುಮಾರು 600 ಪ್ರತಿಗಳನ್ನು ದೇಶದೇಶ ಸುತ್ತಿ ನೋಡಿದರು. ಒಂದೇ ಪುಸ್ತಕವನ್ನು ಇಷ್ಟು ಸಲ ನೋಡುವುದೇನಿದೆ ಅನ್ನಿಸಬಹುದು. ಆದರೆ ಅವರು ನೋಡುತ್ತಿದ್ದದ್ದು ಅಚ್ಚನ್ನಲ್ಲ, ಅಂಚನ್ನು. ಯಾವ ಗುರುವಿನ ಟಿಪ್ಪಣಿಯನ್ನು ಯಾವ ಶಿಷ್ಯರು ತಮ್ಮ ಪ್ರತಿಗೆ ನಕಲು ಮಾಡಿಕೊಂಡರು ಎಂದು ಅದರಿಂದ ತಿಳಿಯಿತು. ಚರ್ಚು 1620ರಲ್ಲಿ ಈ ಗ್ರಂಥದ ಕೆಲವು ಸಾಲು ತಿದ್ದಬೇಕೆಂದು ಆಜ್ಞೆ ಹೊರಡಿಸಿತ್ತು. ಇಟಲಿಯಲ್ಲಿದ್ದ ಹೆಚ್ಚಿನ ಪ್ರತಿಗಳಲ್ಲಿ ಆ ಸಾಲುಗಳನ್ನು ಹೊಡೆದುಹಾಕಲಾಗಿದೆ. ಸ್ಪೇನ್, ಫ್ರಾನ್ಸ್‌ಗಳಲ್ಲಿದ್ದ ಪ್ರತಿಗಳು ಹೆಚ್ಚುಕಡಿಮೆ ಇದ್ದ ಹಾಗೇ ಇವೆ. ಒಂದು ಆಜ್ಞೆ ನಿಜವಾಗಿ ಎಲ್ಲಿಯವರೆಗೆ ನಡೆಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಅಕ್ಷರವೇ ಇಲ್ಲದ ಗುರುತೂ ಮಾತಾಡುತ್ತದೆ. ನ್ಯೂಟನ್ ಪುಟದ ಮೂಲೆಯನ್ನು ಸುಮ್ನೆ ಮಡಚುತ್ತಿರಲಿಲ್ಲ. ಮಡಚಿದ ತುದಿ ತನಗೆ ಬೇಕಾದ ಪದವನ್ನೇ ಮುಟ್ಟುವ ಹಾಗೆ ಮಡಚುತ್ತಿದ್ದ. ಅವನ ಪುಸ್ತಕಗಳಲ್ಲಿ ಆ ಮಡಿಕೆಗಳು ಇನ್ನೂ ಕಾಣುತ್ತವೆ. ಮೂಲೆ ಮಡಚಿದೆ ಅಂತ ಯಾರಾದರೂ ಇಸ್ತ್ರಿ ಹಾಕಿ ನೇರ ಮಾಡಿದ್ದರೆ ಅವನು ನೋಡಿದ ಪದ ಯಾವುದು ಅಂತ ನಮಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಬರೆದವರು ಹೆಸರಾಂತರಲ್ಲದಿದ್ದರೆ?

ಆಗಲೂ ಬೆಲೆ ಇದೆ. ನನ್ನ ಪ್ರಕಾರ ಕೆಲವೊಮ್ಮೆ ಇನ್ನೂ ಜಾಸ್ತಿ. ಮಹಾನುಭಾವರ ಓದು ಹೇಗಿತ್ತು ಅಂತ ಅವರ ಪತ್ರಗಳಿಂದಲೂ ತಿಳಿಯಬಹುದು. ಹೆಸರಿಲ್ಲದ ವಿದ್ಯಾರ್ಥಿ, ವೈದ್ಯ, ಅರ್ಚಕ, ಗೃಹಿಣಿ ಹೇಗೆ ಓದಿದರು ಅಂತ ತಿಳಿಯಲು ಬೇರೆ ದಾರಿಯೇ ಇಲ್ಲ. ವೈದ್ಯದ ಹಸ್ತಪ್ರತಿಯಲ್ಲಿ ಒಂದು ಔಷಧದ ಪಕ್ಕದಲ್ಲಿ ಬೇರೆ ಕೈಬರಹದಲ್ಲಿ ಪ್ರಮಾಣ ತಿದ್ದಿದ್ದರೆ, ಯಾರೋ ಅದನ್ನು ಬಳಸಿ ನೋಡಿದ್ದಾರೆ ಅನ್ನುವ ಸುಳಿವು ಅದು. ಹಳೆಯ ಯುರೋಪಿನ ಪುಸ್ತಕಗಳ ಅಂಚಿನಲ್ಲಿ ಬೆರಳು ತೋರಿಸುವ ಪುಟ್ಟ ಕೈ ಬಿಡಿಸಿರುವುದನ್ನು ಕಾಣಬಹುದು. ಕೆಲವರು ಅಂಗಿಯ ತೋಳಿನ ಮಡಿಕೆಯನ್ನೂ ಬಿಡದೆ ಬಿಡಿಸಿದ್ದಾರೆ. ಒಬ್ಬೊಬ್ಬರ ಕೈ ಒಂದೊಂದು ಥರ. ಹಾಗಾಗಿ ಒಬ್ಬನೇ ಓದುಗನ ಬೇರೆ ಪುಸ್ತಕಗಳನ್ನು ಗುರುತಿಸಲೂ ಅದು ಸಹಾಯ ಮಾಡುತ್ತದೆ.

ಟಿಪ್ಪಣಿ ಯಾರದು ಅಂತ ಹೇಗೆ ಪತ್ತೆಯಾಗುತ್ತದೆ?

ಕೈಬರಹ, ಮಸಿ, ಮಾಲೀಕರ ಸಹಿ, ಮುದ್ರೆ, ಹರಾಜಿನ ಹಳೆಯ ಪಟ್ಟಿ, ಎಲ್ಲವನ್ನೂ ಕೂಡಿಸಿ ನೋಡಬೇಕು. ಕೆಲವೊಮ್ಮೆ ಪುಸ್ತಕ ಕಣ್ಣೆದುರೇ ಇದ್ದರೂ ಯಾರೂ ಗುರುತಿಸಿರುವುದಿಲ್ಲ. ಷೇಕ್ಸ್‌ಪಿಯರ್ ನಾಟಕಗಳ 1623ರ ಮೊದಲ ಸಂಗ್ರಹದ ಒಂದು ಪ್ರತಿ 1944ರಿಂದ ಫಿಲಡೆಲ್ಫಿಯಾದ ಸಾರ್ವಜನಿಕ ಗ್ರಂಥಾಲಯದಲ್ಲಿತ್ತು. ಅದರಲ್ಲಿ ಒಬ್ಬ ಓದುಗನ ಚುರುಕಾದ ತಿದ್ದುಪಡಿಗಳಿದ್ದವು. ಆ ಟಿಪ್ಪಣಿಗಳ ಬಗ್ಗೆ ಕ್ಲೇರ್ ಬೋರ್ನ್ ಎಂಬ ವಿದ್ವಾಂಸೆ ಲೇಖನ ಬರೆದರು. ಅದರ ಚಿತ್ರಗಳನ್ನು ನೋಡಿದ ಕೇಂಬ್ರಿಡ್ಜ್‌ನ ಜೇಸನ್ ಸ್ಕಾಟ್-ವಾರೆನ್ ಅವರಿಗೆ, 2019ರಲ್ಲಿ, ಇದು ಕವಿ ಮಿಲ್ಟನ್‌ನ ಕೈಬರಹದ ಹಾಗಿದೆಯಲ್ಲ ಅನ್ನಿಸಿತು. ಮಿಲ್ಟನ್‌ನ ಬೇರೆ ಬರಹಗಳ ಜೊತೆ ಹೋಲಿಸಿ ನೋಡಿದ ಹಲವು ವಿದ್ವಾಂಸರು ಅದನ್ನು ಒಪ್ಪಿದರು. ಒಬ್ಬರು ಶ್ರದ್ಧೆಯಿಂದ ವಿವರಿಸಿ ಪ್ರಕಟಿಸಿದ್ದರಿಂದಲೇ ಇನ್ನೊಬ್ಬರಿಗೆ ಹೊಳೆಯಿತು. ಹಾಗಾಗಿ ನೀವು ಕಂಡ ಟಿಪ್ಪಣಿ ಸಣ್ಣದು ಅನ್ನಿಸಿದರೂ ಸಿಬ್ಬಂದಿಗೆ ತಿಳಿಸಿ.

ಹಸ್ತಪ್ರತಿಯ ಕಾಲವನ್ನು ಹೇಗೆ ಹೇಳುತ್ತಾರೆ?

ಮೊದಲು ನೋಡುವುದು ಕೊನೆಯನ್ನು. ಕೃತಿ ಮುಗಿದ ಮೇಲೆ ಲಿಪಿಕಾರ ತನ್ನ ಹೆಸರು, ಊರು, ಬರೆದು ಮುಗಿಸಿದ ದಿನವನ್ನು ಬರೆಯುವುದುಂಟು. ಇದೇ ಪುಷ್ಪಿಕೆ. ಆದರೆ ಇಲ್ಲೂ ಒಂದು ತೊಡಕಿದೆ. ನಮ್ಮ ಕಡೆಯ ಅನೇಕ ಓಲೆಗರಿಗಳಲ್ಲಿ ಸಂವತ್ಸರ, ಮಾಸ, ತಿಥಿ, ವಾರ ಇರುತ್ತದೆ, ಶಕವರ್ಷ ಇರುವುದಿಲ್ಲ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ವಿಕಾರಿ ಸಂವತ್ಸರ ಅಂದರೆ ಯಾವ ವಿಕಾರಿ? ತಿಥಿ ಮತ್ತು ವಾರ ಎರಡೂ ಕೂಡಿಬರುವ ವರ್ಷ ಯಾವುದು ಅಂತ ಪಂಚಾಂಗದ ಲೆಕ್ಕ ಹಾಕಿ, ಲಿಪಿಯ ರೂಪದ ಜೊತೆ ತಾಳೆ ನೋಡಿ ತೀರ್ಮಾನಿಸಬೇಕು. ಲಿಪಿಕಾರ ತನ್ನ ಮುಂದಿದ್ದ ಹಳೆಯ ಪ್ರತಿಯ ಪುಷ್ಪಿಕೆಯನ್ನೂ ಹಾಗೇ ನಕಲು ಮಾಡಿಬಿಟ್ಟಿರಬಹುದು. ಆಗ ದಿನಾಂಕ ಹಳೆಯ ಪ್ರತಿಯದು, ಕೈಯಲ್ಲಿರುವುದು ಹೊಸದು.

ಕಾಗದವಾದರೆ ಬೆಳಕಿಗೆ ಹಿಡಿದು, ತಯಾರಿಸುವಾಗಲೇ ಅದರಲ್ಲಿ ಮೂಡಿಸಿದ ಗುರುತನ್ನು, ಅಂದರೆ ವಾಟರ್‌ಮಾರ್ಕ್ ನೋಡುತ್ತಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಹತ್ತಿರ ಗೆಲಿಲಿಯೋ ಬರೆದದ್ದೆಂದು ನಂಬಿದ್ದ ಒಂದು ಹಾಳೆ 1938ರಿಂದ ಇತ್ತು. ಮೇಲೆ ದೂರದರ್ಶಕದ ಬಗ್ಗೆ 1609ರ ಪತ್ರದ ಕರಡು, ಕೆಳಗೆ 1610ರಲ್ಲಿ ಗುರುಗ್ರಹದ ಚಂದ್ರರನ್ನು ಕಂಡ ಟಿಪ್ಪಣಿ. ಅವರ ಸಂಗ್ರಹಕ್ಕೇ ಕಿರೀಟದಂತಿದ್ದ ಹಾಳೆ ಅದು. ಇತಿಹಾಸಕಾರ ನಿಕ್ ವೈಲ್ಡಿಂಗ್ ಅವರಿಗೆ ಅನುಮಾನ ಬಂತು. ಕಾಗದದಲ್ಲಿದ್ದ ವಾಟರ್‌ಮಾರ್ಕ್‌ನಲ್ಲಿ ಬೆರ್ಗಾಮೋ ಊರನ್ನು ಸೂಚಿಸುವ ‘ಬಿ ಎಂ ಒ’ ಎಂಬ ಅಕ್ಷರಗಳಿದ್ದವು. ಅಂಥ ಗುರುತಿನ ಕಾಗದ 1770ಕ್ಕೆ ಮುಂಚೆ ಎಲ್ಲೂ ಕಂಡಿಲ್ಲ. ಗೆಲಿಲಿಯೋ ತೀರಿಕೊಂಡದ್ದು 1642ರಲ್ಲಿ. ವಿಶ್ವವಿದ್ಯಾಲಯ 2022ರಲ್ಲಿ ಅದು ನಕಲಿ ಎಂದು ತಾನೇ ಪ್ರಕಟಿಸಿತು. ಹಾಗೆ ಬಹಿರಂಗವಾಗಿ ಒಪ್ಪಿಕೊಂಡದ್ದು ದೊಡ್ಡ ಗುಣ.

ಕಾರ್ಬನ್ ಪರೀಕ್ಷೆ ಮಾಡಿದರೆ ಮುಗಿಯಿತಲ್ಲ ಅಂತ ಹಲವರು ಕೇಳುತ್ತಾರೆ. ಆ ಪರೀಕ್ಷೆ ತೊಗಟೆಯ ಅಥವಾ ಗರಿಯ ವಯಸ್ಸು ಹೇಳುತ್ತದೆ, ಬರಹದ್ದಲ್ಲ. ಪ್ರಾಚೀನ ಗಣಿತದ ಬಖ್ಶಾಲಿ ಹಸ್ತಪ್ರತಿ ಭೂರ್ಜಪತ್ರದ ಮೇಲಿದೆ. ಅದರ ಮೂರು ಹಾಳೆಗಳ ಪರೀಕ್ಷೆಯ ಫಲಿತಾಂಶ 2017ರಲ್ಲಿ ಹೊರಬಂದಾಗ ಮೂರಕ್ಕೂ ಬೇರೆ ಬೇರೆ ಶತಮಾನ ಬಂತು. ಅದರ ಬಗ್ಗೆ ವಿದ್ವಾಂಸರ ನಡುವೆ ಜೋರು ಚರ್ಚೆಯಾಯಿತು.

ಲಿಪಿಕಾರರು ತಪ್ಪು ಮಾಡುತ್ತಿದ್ದರಲ್ಲ? ಅಂಥ ಪ್ರತಿಯನ್ನು ಯಾಕೆ ಇಟ್ಟುಕೊಳ್ಳಬೇಕು?

ತಪ್ಪೇ ದಾರಿ ತೋರಿಸುತ್ತದೆ. ಒಂದೇ ಪದ ಎರಡು ಸಾಲಿನಲ್ಲಿ ಬಂದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರುತ್ತದೆ, ನಡುವಿನ ಸಾಲು ಬಿಟ್ಟುಹೋಗುತ್ತದೆ. ಅದೇ ಸಾಲು ಇನ್ನೊಂದು ಪ್ರತಿಯಲ್ಲೂ ಬಿಟ್ಟುಹೋಗಿದ್ದರೆ ಎರಡಕ್ಕೂ ನಂಟಿದೆ ಎಂದಾಯಿತು. ಹೀಗೆ ಪ್ರತಿಗಳ ವಂಶವೃಕ್ಷ ಕಟ್ಟಿ, ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾಗುವ ಪದ, ಸಾಲು) ಕೂಡಿಸಿ, ಮೂಲದ ಹತ್ತಿರಕ್ಕೆ ಹೋಗುವುದೇ ಗ್ರಂಥಸಂಪಾದನೆ.

ಇನ್ನು, ಒಂದೆರಡು ಪ್ರತಿಗಳಷ್ಟೇ ಉಳಿದಿರುವಾಗ ತಪ್ಪು ಒಪ್ಪು ಅಂತ ಆರಿಸುವ ಪ್ರಶ್ನೆಯೇ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಹೆಸರಿಗಷ್ಟೇ ಗೊತ್ತಿತ್ತು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಗ್ರಂಥಲಿಪಿಯ (ತಮಿಳು ನಾಡಿನ ಕಡೆ ಸಂಸ್ಕೃತ ಬರೆಯುತ್ತಿದ್ದ ಲಿಪಿ) ಓಲೆಗರಿ ಕಟ್ಟೊಂದು ಬಂತು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಜೈನರ ಆಗಮಗ್ರಂಥ ಷಟ್ಖಂಡಾಗಮದ ಧವಲಾ ವ್ಯಾಖ್ಯಾನ ಉಳಿದದ್ದು ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಭಾಷೆ ಪ್ರಾಕೃತ, ಸಂಸ್ಕೃತ. ಅಕ್ಷರ ನಮ್ಮದು. ಆ ಲಿಪಿಕಾರರ ಋಣ ಎಷ್ಟು ದೊಡ್ಡದು ನೋಡಿ.

ಅವರಿಗೂ ತಮ್ಮ ಕಷ್ಟ ಗೊತ್ತಿತ್ತು. ಬೆನ್ನು, ಸೊಂಟ, ಕತ್ತು ಮುರಿದು, ತಲೆ ಬಗ್ಗಿಸಿ, ಕಣ್ಣು ನೆಟ್ಟು ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಎಂಬ ಅರ್ಥದ ಸಂಸ್ಕೃತ ಶ್ಲೋಕ ಎಷ್ಟೋ ಪ್ರತಿಗಳ ಕೊನೆಯಲ್ಲಿದೆ. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎಂದು ಪುಸ್ತಕವೇ ಬೇಡಿಕೊಳ್ಳುವ ಇನ್ನೊಂದು ಶ್ಲೋಕವೂ ಇದೆ. ಇಂದಿನ ಸಂರಕ್ಷಣೆಯ ಪಾಠಗಳೂ ಹೆಚ್ಚುಕಡಿಮೆ ಅವೇ.

ಬಿಳಿ ಕೈಗವಸು ಹಾಕಿಕೊಳ್ಳಬೇಕಾ?

ಸಾಮಾನ್ಯವಾಗಿ ಬೇಡ. ಸಿನಿಮಾಗಳಲ್ಲಿ ತೋರಿಸುವುದರಿಂದ ಎಲ್ಲರೂ ಹಾಗೆ ಅಂದುಕೊಂಡಿದ್ದಾರೆ. ಹತ್ತಿಯ ಗವಸು ಹಾಕಿದರೆ ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ, ಹಾಳೆ ಹರಿಯುವ ಸಾಧ್ಯತೆ ಹೆಚ್ಚು. ಅದರ ನೂಲು ಸೀಳಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಒಣಗಿದ ಕೈಯಲ್ಲಿ ಮುಟ್ಟಿ. ಬ್ರಿಟಿಷ್ ಲೈಬ್ರರಿಯಂಥ ದೊಡ್ಡ ಸಂಸ್ಥೆಗಳೂ ಇದನ್ನೇ ಹೇಳುತ್ತವೆ. ಹಳೆಯ ಫೋಟೋ, ಲೋಹದ ಅಥವಾ ದಂತದ ರಕ್ಷಾಪುಟ ಇದ್ದರೆ ಮಾತ್ರ ಗವಸು ಬೇಕು. ಕೈಗೆ ಕ್ರೀಮ್, ಸ್ಯಾನಿಟೈಸರ್ ಹಚ್ಚಿಕೊಂಡು ಬರಬೇಡಿ.

ಪೆನ್ನು ಯಾಕೆ ಬಿಡುವುದಿಲ್ಲ?

ಮಸಿ ಬಿದ್ದರೆ ಹೋಗುವುದಿಲ್ಲ. ಪೆನ್ಸಿಲ್ ತನ್ನಿ, ಲ್ಯಾಪ್‌ಟಾಪ್ ತನ್ನಿ.

ಓಲೆಗರಿ ಓದಲು ಏನು ಗೊತ್ತಿರಬೇಕು?

ತಾಳ್ಮೆ ಮೊದಲು. ಕಂಟ ಎಂಬ ಚೂಪು ಮೊನೆಯ ಲೇಖನಿಯಿಂದ ಗರಿಯ ಮೇಲೆ ಅಕ್ಷರ ಕೊರೆದು, ಆಮೇಲೆ ಮಸಿ ಸವರಿ ಒರೆಸಿದಾಗ ಗೀರಿನೊಳಗೆ ಕಪ್ಪು ಉಳಿಯುತ್ತದೆ. ಕಪ್ಪು ಹೋಗಿದ್ದರೆ ಅಕ್ಷರ ಹೋಯಿತು ಅಂತಲ್ಲ, ಗೀರು ಇನ್ನೂ ಇರುತ್ತದೆ. ಪದಗಳ ನಡುವೆ ಜಾಗ ಇರುವುದಿಲ್ಲ. ಪದ್ಯವಾದರೂ ಸಾಲು ಮುರಿಯದೆ ಗರಿ ತುಂಬಾ ಬರೆದಿರುತ್ತಾರೆ. ಹಳೆಯ ಕನ್ನಡ ಪ್ರತಿಗಳಲ್ಲಿ ಎಷ್ಟೋ ಕಡೆ ಎ–ಏ, ಒ–ಓ ವ್ಯತ್ಯಾಸ ತೋರಿಸಿರುವುದಿಲ್ಲ. ಛಂದಸ್ಸು ಬಲ್ಲವರಿಗೆ ಇಲ್ಲಿ ಅನುಕೂಲ. ಮಾತ್ರೆ ಎಣಿಸಿದರೆ ಅಕ್ಷರ ಹ್ರಸ್ವವೋ ದೀರ್ಘವೋ ತಿಳಿದುಬಿಡುತ್ತದೆ. ಮೊದಲು ಈಗಾಗಲೇ ಅಚ್ಚಾಗಿರುವ, ನಿಮಗೆ ಚೆನ್ನಾಗಿ ಗೊತ್ತಿರುವ ಕೃತಿಯ ಪ್ರತಿ ತೆಗೆದುಕೊಂಡು ಪಕ್ಕದಲ್ಲಿ ಅಚ್ಚಿನ ಪುಸ್ತಕ ಇಟ್ಟು ಓದಿ. ಕಣ್ಣು ಬೇಗ ಪಳಗುತ್ತದೆ.

ಗರಿಗಳ ದಾರ ಬಿಚ್ಚುವ ಕೆಲಸ ಮಾತ್ರ ಸಿಬ್ಬಂದಿಗೇ ಬಿಡಿ. ಕ್ರಮ ತಪ್ಪಿದರೆ ಮತ್ತೆ ಜೋಡಿಸುವುದು ತಿಂಗಳುಗಳ ಕೆಲಸ.

ಅಳಿಸಿಹೋದ ಬರಹವನ್ನು ಮತ್ತೆ ಓದಬಹುದಾ?

ಅನೇಕ ಸಲ ಆಗುತ್ತದೆ. ಆರ್ಕಿಮಿಡೀಸ್‌ನ ಕೃತಿಗಳನ್ನು ಹತ್ತನೇ ಶತಮಾನದಲ್ಲಿ ಚರ್ಮದ ಹಾಳೆಯ ಮೇಲೆ ನಕಲು ಮಾಡಿದ್ದರು. ಚರ್ಮ ದುಬಾರಿ. 1229ರಲ್ಲಿ ಅದರ ಬರಹ ಕೆರೆದು, ಹಾಳೆಗಳನ್ನು ಅಡ್ಡ ತಿರುಗಿಸಿ ಮಡಚಿ, ಮೇಲೆ ಪ್ರಾರ್ಥನೆಗಳನ್ನು ಬರೆದರು. ಕೆಳಗೆ ಮಸುಕಾಗಿ ಉಳಿದಿದ್ದ ಬರಹ ಆರ್ಕಿಮಿಡೀಸ್‌ನದೆಂದು 1906ರಲ್ಲಿ ಹೈಬರ್ಗ್ ಎಂಬ ಡೇನಿಷ್ ವಿದ್ವಾಂಸ ಗುರುತಿಸಿದ. 1998ರಲ್ಲಿ ಅದು 20 ಲಕ್ಷ ಡಾಲರಿಗೆ ಹರಾಜಾಯಿತು. ಕೊಂಡವರು ಅದನ್ನು ಅಧ್ಯಯನಕ್ಕೆಂದು ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಂಗೆ ಒಪ್ಪಿಸಿದರು. ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಫೋಟೋ ತೆಗೆದಾಗ ಕೆಳಗಿನ ಬರಹ ಎದ್ದುಬಂತು. ಬಣ್ಣದ ಚಿತ್ರ ಮುಚ್ಚಿದ್ದ ಪುಟಗಳಿಗೆ ಎಕ್ಸ್‌ರೇ ಬಿಟ್ಟರು. ಮಾಚಿಕಾಯಿ, ಅನ್ನಭೇದಿ ಸೇರಿಸಿ ಮಾಡುವ ಮಸಿಯಲ್ಲಿ ಕಬ್ಬಿಣ ಇರುತ್ತದೆ. ಆ ಕಬ್ಬಿಣ ಎಕ್ಸ್‌ರೇಗೆ ಹೊಳೆದು ಅಕ್ಷರ ಕೊಟ್ಟಿತು. ಅದೇ ಮಸಿ ಆಮ್ಲೀಯ, ಕಾಲಕ್ರಮೇಣ ಕಾಗದವನ್ನು ತಿಂದುಹಾಕುವುದೂ ಅದೇ.

ಮಸಿಯೇ ಇಲ್ಲದ ಬರಹವೂ ಉಂಟು. ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದ ಎಂಟನೇ ಶತಮಾನದ ಒಂದು ಹಸ್ತಪ್ರತಿಯಲ್ಲಿ ಈಡ್‌ಬರ್ಗ್ ಎಂಬ ಹೆಣ್ಣಿನ ಹೆಸರನ್ನು ಚೂಪಾದ ಮೊನೆಯಿಂದ ಅಂಚುಗಳಲ್ಲಿ ಗೀರಿದ್ದರು. ಹಲವು ದಿಕ್ಕಿನಿಂದ ಬೆಳಕು ಹಾಯಿಸಿ ಫೋಟೋ ತೆಗೆದ ಮೇಲೆ 2022ರಲ್ಲಿ ಅವು ಸ್ಪಷ್ಟವಾಗಿ ಕಂಡವು. ಸಾವಿರದ ಇನ್ನೂರು ವರ್ಷ ಆ ಹೆಸರು ಅಲ್ಲೇ ಇತ್ತು.

ಸ್ಕ್ಯಾನ್ ಆಗಿದೆಯಲ್ಲ, ಮೂಲ ಪ್ರತಿ ಯಾಕೆ ಬೇಕು?

ಎರಡೂ ಬೇಕು. ಸ್ಕ್ಯಾನ್ ಬೇಕು ಯಾಕೆಂದರೆ ಮೂಲ ಸುಟ್ಟುಹೋಗಬಹುದು. ಇಂಗ್ಲಿಷಿನ ಪ್ರಾಚೀನ ಕಾವ್ಯ ಬೇವುಲ್ಫ್‌ಗೆ ಒಂದೇ ಹಸ್ತಪ್ರತಿ ಇದೆ. 1731ರ ಬೆಂಕಿಯಲ್ಲಿ ಅದರ ಅಂಚು ಸೀದುಹೋಯಿತು. ಆಮೇಲೂ ಅಂಚು ಉದುರುತ್ತಲೇ ಇತ್ತು. 1787ರ ಸುಮಾರಿಗೆ ಥಾರ್ಕೆಲಿನ್ ಎಂಬ ಐಸ್‌ಲ್ಯಾಂಡಿನ ವಿದ್ವಾಂಸ ನಕಲು ಮಾಡಿಸಿಕೊಂಡ, ತಾನೂ ಮಾಡಿಕೊಂಡ. ಈಗ ಉದುರಿಹೋಗಿರುವ ಎಷ್ಟೋ ಅಕ್ಷರಗಳು ಆ ನಕಲುಗಳಿಂದಲೇ ನಮಗೆ ಗೊತ್ತು.

ಮೂಲ ಬೇಕು ಯಾಕೆಂದರೆ ಸ್ಕ್ಯಾನ್ ಮಾಡಿದವರು ಏನು ಕಾಣಬೇಕೆಂದುಕೊಂಡರೋ ಅಷ್ಟೇ ಸ್ಕ್ಯಾನಿನಲ್ಲಿರುತ್ತದೆ. ಗೀರು, ವಾಟರ್‌ಮಾರ್ಕ್, ಹೊಲಿಗೆ, ಅಂಟಿಸಿದ ಚೀಟಿಯ ಹಿಂಬದಿ, ಯಾವುದೂ ಮಾಮೂಲಿ ಚಿತ್ರದಲ್ಲಿ ಬರುವುದಿಲ್ಲ. ಮೊದಲು ಸ್ಕ್ಯಾನ್ ಓದಿ, ಅಲ್ಲಿ ಬಗೆಹರಿಯದ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಂಡು ಮೂಲದ ಹತ್ತಿರ ಬನ್ನಿ.

ಹಸಿರು ರಟ್ಟಿನ ಹಳೆಯ ಪುಸ್ತಕದಲ್ಲಿ ವಿಷ ಇರುತ್ತದೆ ಅಂತಾರೆ, ನಿಜವಾ?

ಕೆಲವದರಲ್ಲಿ ನಿಜ. ಹತ್ತೊಂಬತ್ತನೇ ಶತಮಾನದಲ್ಲಿ ರಟ್ಟಿನ ಬಟ್ಟೆಗೆ ಹಾಕುತ್ತಿದ್ದ ಒಂದು ಹೊಳಪಿನ ಹಸಿರು ಬಣ್ಣದಲ್ಲಿ ಆರ್ಸೆನಿಕ್ ಇತ್ತು. ಅಮೆರಿಕದ ವಿಂಟರ್‌ಥರ್ ಸಂಸ್ಥೆ 2019ರಿಂದ ಇಂಥವನ್ನು ಪಟ್ಟಿ ಮಾಡುತ್ತಿದೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವೂ 2024ರಲ್ಲಿ ಕೆಲವು ಪುಸ್ತಕಗಳನ್ನು ಕಪಾಟಿನಿಂದ ತೆಗೆದಿಟ್ಟಿತು. ಹೆದರಬೇಕಿಲ್ಲ. ಅನುಮಾನ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮೇಲೆ ಹೇಳಿದ್ದಲ್ಲದೆ ಇಲ್ಲೂ ಗವಸು ಬೇಕು, ಅದೂ ರಬ್ಬರಿನಂಥದ್ದು.

ಮನೆಯಲ್ಲಿ ಹಳೆಯ ಹಸ್ತಪ್ರತಿ ಸಿಕ್ಕಿದೆ. ಏನು ಮಾಡಲಿ?

ಏನೂ ಮಾಡಬೇಡಿ. ಇದು ನಿಜವಾದ ಸಲಹೆ. ಹೆಚ್ಚಿನ ಹಾನಿ ಆಗುವುದು ಪ್ರೀತಿಯಿಂದ ರಿಪೇರಿ ಮಾಡಲು ಹೋದಾಗ. ಸೆಲೋಟೇಪ್ ಅಂಟಿಸಿದರೆ ಕೆಲವು ವರ್ಷದಲ್ಲಿ ಟೇಪ್ ಉದುರಿ, ಅದರ ಗೋಂದು ಹಳದಿಯಾಗಿ ಕಾಗದದೊಳಗೆ ಇಳಿದಿರುತ್ತದೆ. ಲ್ಯಾಮಿನೇಟ್ ಮಾಡಿಸಿದರೆ ಬಿಡಿಸಲು ಆಗುವುದೇ ಇಲ್ಲ. ಗರಿಗೆ ಅಡುಗೆ ಎಣ್ಣೆ ಹಚ್ಚಬೇಡಿ. ಅಂಚಿನ ಬರಹವನ್ನು ರಬ್ಬರಿನಿಂದ ಉಜ್ಜಬೇಡಿ. ಹತ್ತೊಂಬತ್ತನೇ ಶತಮಾನದಲ್ಲಿ ವ್ಯಾಪಾರಿಗಳು ಪುಸ್ತಕ ಚೊಕ್ಕ ಕಾಣಲೆಂದು ಹಾಳೆಗಳನ್ನು ತೊಳೆಸುತ್ತಿದ್ದರು, ಬೈಂಡರ್‌ಗಳು ಅಂಚನ್ನು ಕತ್ತರಿಸುತ್ತಿದ್ದರು. ಆ ಪುಸ್ತಕಗಳಲ್ಲಿ ಈಗ ಅರ್ಧ ಅಕ್ಷರ ಮಾತ್ರ ಉಳಿದ ಟಿಪ್ಪಣಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತೇವವಿಲ್ಲದ, ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ಅಡ್ಡವಾಗಿ ಮಲಗಿಸಿ ಇಡಿ. ಒಳಗೆ ಸಿಕ್ಕ ಚೀಟಿ, ಒಣಗಿದ ಎಲೆ, ದಾರ ಎಸೆಯಬೇಡಿ, ಯಾವ ಪುಟದಲ್ಲಿತ್ತು ಅಂತ ಬರೆದಿಡಿ. ಫೋನಿನಲ್ಲಿ ಮೊದಲ ಮತ್ತು ಕೊನೆಯ ಹಾಳೆಯ ಫೋಟೋ ತೆಗೆದು ಹತ್ತಿರದ ಹಸ್ತಪ್ರತಿ ಸಂಗ್ರಹಕ್ಕೆ ತೋರಿಸಿ.

ಕಾಗದದ ಪುಸ್ತಕ ನೀರಿನಲ್ಲಿ ನೆನೆದಿದ್ದರೆ ಬಿಸಿಲಿಗೆ ಹಾಕಬೇಡಿ, ಹಾಳೆ ಸುರುಟಿಕೊಳ್ಳುತ್ತದೆ. ಎರಡು ದಿನದೊಳಗೆ ಬೂಷ್ಟು ಶುರುವಾಗುತ್ತದೆ. ಕೂಡಲೇ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಅದು ಸಮಯ ಗಳಿಸಿಕೊಡುತ್ತದೆ. ತಾಳೆಗರಿ, ಚರ್ಮದ ಹಾಳೆಗೆ ಮಾತ್ರ ಹೀಗೆ ಮಾಡದೆ ಮೊದಲು ತಿಳಿದವರನ್ನು ಕೇಳಿ.

ಮಾರಬಹುದಾ?

ಭಾರತದಲ್ಲಿ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆ ಇದೆ. ಅದರ ಪ್ರಕಾರ ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಕಲಾತ್ಮಕ ಮಹತ್ವವಿರುವ, 75 ವರ್ಷಕ್ಕಿಂತ ಕಡಿಮೆಯಿಲ್ಲದ ಹಸ್ತಪ್ರತಿ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಬೇರೆ ದೇಶಗಳಿಗೆ ಅವರವರ ಕಾನೂನು. ಕೊಡುವ ಮುಂಚೆ, ಯಾರಿಗೇ ಕೊಡಿ, ಅದು ನಿಮ್ಮ ಮನೆಗೆ ಹೇಗೆ ಬಂತು ಅಂತ ಹಿರಿಯರನ್ನು ಕೇಳಿ ಬರೆದಿಡಿ. ಬಿಡಿ ಹಾಳೆಗಳಾಗಿ ಹಂಚಬೇಡಿ.

ಟಿಪ್ಪಣಿ ಇರುವ ಪುಸ್ತಕಗಳನ್ನು ಕ್ಯಾಟಲಾಗಿನಲ್ಲಿ ಹೇಗೆ ಹುಡುಕಲಿ?

ಸ್ವಲ್ಪ ಕಷ್ಟವೇ. ಹಳೆಯ ಕ್ಯಾಟಲಾಗುಗಳಲ್ಲಿ ಅಂಚಿನ ಬರಹವನ್ನು ದೋಷ ಎಂದು ನಮೂದಿಸಿರುತ್ತಾರೆ, ಇಲ್ಲವೇ ಬಿಟ್ಟೇಬಿಟ್ಟಿರುತ್ತಾರೆ. ‘ಮಾಲೀಕತ್ವ’, ‘ಪ್ರತಿಯ ವಿವರ’, ‘ಕೈಬರಹದ ಟಿಪ್ಪಣಿ’ ಎಂಬ ಅಂಕಣಗಳಲ್ಲಿ ಹುಡುಕಿ. ಹಿಂದಿನ ಮಾಲೀಕರ ಹೆಸರಿನಿಂದಲೂ ಹುಡುಕಿ. ಅದಕ್ಕಿಂತ ಒಳ್ಳೆಯ ದಾರಿ ಅಲ್ಲಿಯ ಸಿಬ್ಬಂದಿಯನ್ನು ಕೇಳುವುದು. ಕ್ಯಾಟಲಾಗಿನಲ್ಲಿಲ್ಲದ ಎಷ್ಟೋ ಸಂಗತಿ ಅವರ ತಲೆಯಲ್ಲಿರುತ್ತದೆ.

ಹಾಗಾದರೆ ನಾನೂ ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಹುದಾ?

ಬೇಡ. ಅದು ಎಲ್ಲರ ಪುಸ್ತಕ. ನಿಮ್ಮ ಸ್ವಂತ ಪುಸ್ತಕದಲ್ಲಿ ಧಾರಾಳವಾಗಿ ಬರೆಯಿರಿ, ಮೊದಲ ಪುಟದಲ್ಲಿ ಹೆಸರು, ದಿನಾಂಕವನ್ನೂ ಹಾಕಿ.

ನನ್ನ ಲೇಖನದಲ್ಲಿ ಹಸ್ತಪ್ರತಿಯನ್ನು ಹೇಗೆ ಉಲ್ಲೇಖಿಸಲಿ?

ಊರು, ಗ್ರಂಥಾಲಯ, ಹಸ್ತಪ್ರತಿಯ ಸಂಖ್ಯೆ, ಗರಿ ಅಥವಾ ಹಾಳೆಯ ಸಂಖ್ಯೆ, ಮುಂಬದಿಯೋ ಹಿಂಬದಿಯೋ, ಎಷ್ಟನೇ ಸಾಲು, ಈ ಕ್ರಮದಲ್ಲಿ. ಹಸ್ತಪ್ರತಿಗೆ ಪುಟಸಂಖ್ಯೆಯಲ್ಲ, ಹಾಳೆಸಂಖ್ಯೆ. ಅಂಚಿನ ಬರಹವಾದರೆ ಯಾವ ಅಂಚು, ಮಸಿಯೋ ಪೆನ್ಸಿಲ್ಲೋ, ಮುಖ್ಯ ಬರಹದ ಕೈಯೇ ಬೇರೆ ಕೈಯೇ ಅಂತಲೂ ಹೇಳಿ. ಕಾಗುಣಿತ ತಪ್ಪಾಗಿದ್ದರೆ ತಿದ್ದದೆ ಇದ್ದ ಹಾಗೇ ಕೊಟ್ಟು, ನಿಮ್ಮ ಓದನ್ನು ಬೇರೆಯಾಗಿ ಸೂಚಿಸಿ. ಓದಲಾಗದ ಅಕ್ಷರದ ಜಾಗವನ್ನು ಊಹೆಯಿಂದ ತುಂಬಬೇಡಿ, ಚೌಕ ಆವರಣದಲ್ಲಿ ಖಾಲಿ ಬಿಡಿ. ಮುಂದೆ ಬರುವವರು ಓದಿಯಾರು.